ಅಪ್‌ಡೇಟ್: ನಮ್ಮೂರಿನ ಕಮ್ಯುನಿಟಿ ಕೌನ್ಸಿಲ್‌ಗೆ ಮತ್ತೆ ಚುನಾವಣೆ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿರುವ ನಮ್ಮ ಹಳ್ಳಿಯಲ್ಲಿ, ಸದಸ್ಯರಿಲ್ಲದೆ ನಿಂತುಹೋದ ಕಮ್ಯುನಿಟಿ ಕೌನ್ಸಿಲನ್ನು (ಊರಿನವರ ಪರವಾಗಿ ಮಾತನಾಡುವ ಚುನಾಯಿತ ಮಂಡಳಿ) ಮತ್ತೆ ಆರಂಭಿಸುವುದು ಹೇಗೆಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಆನ್‌ಲೈನ್ ಸಹಿಸಂಗ್ರಹದಿಂದ ಪ್ರಯೋಜನವಾಗಲಿಲ್ಲ. ಸಹಿ ಹಾಕಿದವರಲ್ಲಿ ಹೆಚ್ಚಿನವರು ಹೊರಗಿನವರಾಗಿದ್ದರು. ಫಲ ಕೊಟ್ಟದ್ದು 1973ರ ಸ್ಥಳೀಯ ಸರ್ಕಾರ ಕಾಯ್ದೆಯನ್ನು ನೋಡಿ ಎಂದವರ ಸಲಹೆ. ಅದರ ಪ್ರಕಾರ, ಕೌನ್ಸಿಲ್ ಇಲ್ಲದ ಪ್ರದೇಶದ ಕನಿಷ್ಠ 20 ಮತದಾರರು ಕೌನ್ಸಿಲ್ ಬೇಕೆಂದು ಲಿಖಿತವಾಗಿ ಕೋರಿದರೆ, ಸ್ಥಳೀಯ ಪ್ರಾಧಿಕಾರವು ಆರು ವಾರಗಳೊಳಗೆ ಚುನಾವಣೆಗೆ ವ್ಯವಸ್ಥೆ ಮಾಡಲೇಬೇಕು. ಮಳೆಯಲ್ಲೇ ಮನೆಮನೆಗೆ ನಡೆದು 26 ಸಹಿ ಸಂಗ್ರಹಿಸಿ ಸಲ್ಲಿಸಿದೆವು. ಈಗ ನಾಮಪತ್ರ ಸಲ್ಲಿಕೆಯ ದಿನಾಂಕ ಪ್ರಕಟವಾಗಿದೆ.

ನನಗೆ ಅಚ್ಚರಿಯೆನಿಸಿದ ಸಂಗತಿಯೆಂದರೆ, ಇಲ್ಲಿನ ಸ್ಥಳೀಯ ಚುನಾವಣೆಗಳಲ್ಲಿ 16 ವರ್ಷ ತುಂಬಿದವರಿಗೂ, ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯ ಪ್ರಜೆಗಳಿಗೂ ಮತದಾನದ ಹಕ್ಕಿರುವುದರಿಂದ, ಮತದಾರರ ಪಟ್ಟಿಯಲ್ಲಿದ್ದ ನನ್ನ ಸಹಿಯೂ ಪಕ್ಕದ ಮನೆಯ ಶಾಲಾ ಬಾಲಕಿಯ ಸಹಿಯೂ ಲೆಕ್ಕಕ್ಕೆ ಬಂದವು.

ಭಾರತದ ಗ್ರಾಮ ಪಂಚಾಯಿತಿಗೆ ತೆರಿಗೆ ವಿಧಿಸುವ ಅಧಿಕಾರವಿದೆ, ಈ ಕೌನ್ಸಿಲಿಗೆ ಅದಿಲ್ಲ. ಆದರೂ ಕಟ್ಟಡ ಯೋಜನೆಗಳ ಅರ್ಜಿಗಳ ಬಗ್ಗೆ ಅಧಿಕೃತವಾಗಿ ಅಭಿಪ್ರಾಯ ತಿಳಿಸುವ ಹಕ್ಕು ಅದಕ್ಕಿದೆ. ನಮಗೆ ಬೇಕಾಗಿದ್ದುದೂ ಅದೇ. ನಾನೂ ನಾಮಪತ್ರ ಸಲ್ಲಿಸುತ್ತಿದ್ದೇನೆ.