ವಾಟರ್ ಕಲರ್: ಒಂದು ವಾಶ್ ಆದ ಮೇಲೆ ಎಷ್ಟು ಹೊತ್ತು ಬಿಡಬೇಕು?

ಕರಾವಳಿ ಕುಂಚ:
ಎ3 ಅಳತೆಯ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕದ) ಕಾಗದದಲ್ಲಿ ಗುಡ್ಡದ ದೃಶ್ಯ ಮಾಡ್ತಿದ್ದೇನೆ. ಆಕಾಶಕ್ಕೆ ಹಾಕಿದ ವಾಶ್ (ನೀರು ಬೆರೆಸಿದ ತೆಳು ಬಣ್ಣದ ಪದರ) ಅಲ್ಟ್ರಾಮರೀನ್ ನೀಲಿ, ಜೊತೆಗೆ ಚೂರೇ ಚೂರು ಬರ್ನ್ಟ್ ಸಿಯೆನ್ನಾ ಕಂದು. ಹತ್ತು ನಿಮಿಷ ಬಿಟ್ಟು ದೂರದ ಗುಡ್ಡ ಹಚ್ಚಿದರೆ ಅಂಚು ಒಡೆದು ಹೂಕೋಸಿನ ಹಾಗೆ ಕಲೆ ಏಳುತ್ತದೆ. ಸರಿ ಮಾಡಲು ಹೋದರೆ ಎಲ್ಲ ರಾಡಿ. ಊರು ಮಂಗಳೂರು, ಈಗ ಜೋರು ಮಳೆ. ಇಷ್ಟೇ ನಿಮಿಷ ಕಾಯಬೇಕು ಅಂತ ಲೆಕ್ಕ ಇದೆಯಾ? ಹೇರ್ ಡ್ರೈಯರ್ ಹಿಡಿಯಬಹುದಾ?

ಅರೆಹಸಿ:
ನಿಮಿಷದ ಲೆಕ್ಕ ಇಲ್ಲ. ಪಾಕದ ಹದವನ್ನು ಗಡಿಯಾರ ನೋಡಿ ಹೇಳುತ್ತೇವಾ? ಇದೂ ಹಾಗೇ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ.

ಮೊದಲಿಗೆ ನೀರು ನಿಂತು ಕನ್ನಡಿಯಂತೆ ಹೊಳೆಯುತ್ತದೆ. ಆಗ ಬಣ್ಣ ಬಿಟ್ಟರೆ ಅದು ಬೇಕಾದ ಕಡೆಗೆಲ್ಲ ಹರಿಯುತ್ತದೆ, ತೊಂದರೆಯಿಲ್ಲ. ಸ್ವಲ್ಪ ಹೊತ್ತಿಗೆ ಹೊಳಪು ಇಳಿದು ರೇಷ್ಮೆಯ ಮಿರುಗು ಮಾತ್ರ ಉಳಿಯುತ್ತದೆ. ಮಂಜಿನಲ್ಲಿ ಕರಗಿದಂತಿರುವ ಗುಡ್ಡ ಬೇಕಿದ್ದರೆ ಅದನ್ನು ಹಚ್ಚುವ ಸಮಯ ಇದೇ. ಆದರೆ ಬಣ್ಣ ಗಟ್ಟಿಯಾಗಿರಬೇಕು, ಕುಂಚವನ್ನು ಬಟ್ಟೆಗೊಮ್ಮೆ ಒತ್ತಿ ನೀರು ತೆಗೆದಿರಬೇಕು.

ಆಮೇಲೆ ಬರುವುದೇ ಅಪಾಯದ ಹಂತ. ಮಿರುಗು ಹೋಗಿರುತ್ತದೆ, ಒಣಗಿತು ಅನ್ನಿಸುತ್ತದೆ, ಕೈ ಸುಮ್ಮನಿರುವುದಿಲ್ಲ. ಆದರೆ ನಾರಿನೊಳಗೆ ಇನ್ನೂ ತೇವ ಇದೆ, ಬಣ್ಣದ ಕಣ ಕಚ್ಚಿಕೊಂಡಿಲ್ಲ. ಕುಂಚದಲ್ಲಿ ಕಾಗದಕ್ಕಿಂತ ಹೆಚ್ಚು ನೀರಿದ್ದರೆ ಆ ನೀರು ಸುತ್ತಲಿನ ಕಡಿಮೆ ತೇವದ ಕಡೆಗೆ ನುಗ್ಗುತ್ತದೆ. ನುಗ್ಗುವಾಗ ಕಣಗಳನ್ನು ತಳ್ಳಿಕೊಂಡು ಹೋಗಿ, ನಿಂತಲ್ಲಿ ಸಾಲಾಗಿ ಬಿಟ್ಟುಬಿಡುತ್ತದೆ. ನಿಮ್ಮ ಹೂಕೋಸು ಹುಟ್ಟುವುದು ಹೀಗೆ. ನೀವು ಹತ್ತನೇ ನಿಮಿಷಕ್ಕೆ ಕೈ ಹಾಕುತ್ತಿರುವುದು ಸರಿಯಾಗಿ ಈ ಹಂತದಲ್ಲಿ.

ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಬೆರಳಿನ ಹಿಂಬದಿಯನ್ನು ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ನೀರಿದೆ ಎಂದೇ ಅರ್ಥ. ಅಂಗೈ ಇಡಬೇಡಿ, ಚರ್ಮದ ಎಣ್ಣೆಯಂಶ ತಾಗಿದ ಕಡೆ ಮುಂದಿನ ವಾಶ್ ಸಮನಾಗಿ ಕೂರುವುದಿಲ್ಲ.

ಕಲೆ ಎದ್ದೇಬಿಟ್ಟರೆ ಆಗಲೇ ಮುಟ್ಟಬೇಡಿ. ತಿದ್ದಲು ಹೋದ ಕುಂಚ ಇನ್ನಷ್ಟು ನೀರು ತರುತ್ತದೆ. ಪೂರ್ತಿ ಒಣಗಲಿ. ಆಮೇಲೆ ತೇವದ ಕುಂಚದಿಂದ ಆ ಅಂಚನ್ನಷ್ಟೇ ಎರಡು ಸಲ ಸವರಿ, ಟಿಶ್ಯೂ ಒತ್ತಿ ಎತ್ತಿ. ಅಲ್ಟ್ರಾಮರೀನ್ ತಕ್ಕಮಟ್ಟಿಗೆ ಏಳುತ್ತದೆ. ಥ್ಯಾಲೋ ಬ್ಲೂ ಆಗಿದ್ದರೆ ಕಾಗದಕ್ಕೆ ಇಳಿದುಬಿಟ್ಟಿರುತ್ತದೆ, ಆಸೆ ಬಿಡಿ.

ನಾರು ಮತ್ತು ಅಂಟು:
ಡ್ರೈಯರ್ ಬಗ್ಗೆ: ಹಿಡಿಯಬಹುದು, ಆದರೆ ಹೊಳಪು ಪೂರ್ತಿ ಹೋದ ಮೇಲೆ. ನೀರು ನಿಂತಿರುವಾಗ ಗಾಳಿ ಬಿಟ್ಟರೆ ಬಣ್ಣ ಒಂದು ಕಡೆಗೆ ತಳ್ಳಿಕೊಂಡು ಹೋಗಿ ಗೆರೆ ಬೀಳುತ್ತದೆ. ಒಂದಡಿ ದೂರದಿಂದ, ಕಡಿಮೆ ಬಿಸಿಯಲ್ಲಿ, ಕೈ ಆಡಿಸುತ್ತಾ ಇರಿ. ಇನ್ನೊಂದು ಮಾತು. ಅಲ್ಟ್ರಾಮರೀನ್ ಕಣ ನಿಧಾನಕ್ಕೆ ಕಾಗದದ ಗುಳಿಗಳಲ್ಲಿ ಇಳಿದು ಕೂತಾಗಲೇ ಆ ಹರಳು ಹರಳಾದ ಚೆಂದ ಬರುವುದು. ಅದನ್ನು ನೋಡಬೇಕೆಂದಿದ್ದರೆ ಆಕಾಶವನ್ನು ತಾನಾಗಿ ಒಣಗಲು ಬಿಡಿ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸಲು ಹಚ್ಚಿ, ಆಮೇಲೆ ಎಳೆದು ತೆಗೆಯುವ ರಬ್ಬರಿನಂಥ ದ್ರವ) ಹಚ್ಚಿದ್ದರಂತೂ ಡ್ರೈಯರ್ ಬೇಡವೇ ಬೇಡ. ಬಿಸಿಗೆ ಅದು ಕಚ್ಚಿಕೊಂಡು, ಎಳೆದಾಗ ಕಾಗದವೇ ಕಿತ್ತು ಬರುತ್ತದೆ.

ನಿಮ್ಮ ಅರ್ಧ ಸಮಸ್ಯೆ ಕಾಗದದ್ದು. 200 ಜಿಎಸ್‌ಎಂ ನೀರು ಕುಡಿದ ಕೂಡಲೇ ಉಬ್ಬುತ್ತದೆ. ಉಬ್ಬಿದ ಕಡೆ ಬೇಗ ಒಣಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಅಂದರೆ ಒಂದೇ ಹಾಳೆಯಲ್ಲಿ ಮೂರು ಹದ! 300 ಜಿಎಸ್‌ಎಂ, 100% ಕಾಟನ್ ತಗೊಳ್ಳಿ, ನಾಲ್ಕೂ ಬದಿ ಟೇಪ್ ಹಚ್ಚಿ. ಬೆಲೆ ಜಾಸ್ತಿ, ಹಾಗಾಗಿ ದೊಡ್ಡ ಹಾಳೆಯನ್ನು ಕಾಲು ಭಾಗ ಮಾಡಿಕೊಂಡು ಅಭ್ಯಾಸ ಮಾಡಿ. ಮಳೆಗಾಲದಲ್ಲಿ ಉಳಿದ ಹಾಳೆಗಳನ್ನು ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತೇವ ಹಿಡಿದರೆ ಮೇಲಿನ ಅಂಟಿನ ಲೇಪ ಕೆಟ್ಟು, ಬಣ್ಣ ಹಚ್ಚಿದಲ್ಲೆಲ್ಲ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ಳುತ್ತದೆ. ಆಮೇಲೆ ಎಷ್ಟು ತಾಳ್ಮೆ ತೋರಿಸಿದರೂ ಅದು ಸರಿಹೋಗದು.

ಕರಾವಳಿ ಕುಂಚ:
ಇಬ್ಬರಿಗೂ ಧನ್ಯವಾದ. ಹಾಗಾದರೆ ಮಳೆಯಲ್ಲಿ ಒಂದು ವಾಶ್‌ಗೆ ಮುಕ್ಕಾಲು ಗಂಟೆ ಹೋಗಬಹುದು. ಅಷ್ಟು ಹೊತ್ತು ಏನು ಮಾಡುವುದು? ಎದುರಿಗೇ ಕೂತರೆ ಮುಟ್ಟದೆ ಇರೋಕೆ ಆಗಲ್ಲ.

ಬೆಳಕು ನೆರಳು:
ಎದುರಿಗೆ ಕೂರಲೇಬೇಡಿ. ಬೋರ್ಡನ್ನು ಗೋಡೆಗೆ ಒರಗಿಸಿ ಆರೇಳು ಅಡಿ ಹಿಂದೆ ಬನ್ನಿ (ನೀರು ಇಳಿಯದಷ್ಟು ಒಣಗಿದ ಮೇಲೆ). ಕಣ್ಣು ಕಿರಿದು ಮಾಡಿ ನೋಡಿ. ಫೋನಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಆಕಾಶ ಮತ್ತು ಗುಡ್ಡ ಒಂದೇ ಬೂದು ಬಣ್ಣವಾಗಿ ಕಂಡರೆ ಮುಂದಿನ ಪದರ ಗಾಢವಾಗಬೇಕು. ವಾಟರ್ ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ, ಒದ್ದೆಯಿರುವಾಗ ಮಾಡಿದ ಅಂದಾಜು ಆದ್ದರಿಂದಲೇ ತಪ್ಪುವುದು. ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿ. ಗುಡ್ಡ ಗುಡ್ಡವಾಗಿ ಕಾಣದೆ ಬರೀ ಆಕಾರವಾಗಿ ಕಂಡಾಗ ವಾಲಿದ್ದು, ಹೆಚ್ಚಾದದ್ದು ತಟ್ಟನೆ ಹೊಳೆಯುತ್ತದೆ.

ಗುಡ್ಡದ ಬಣ್ಣವನ್ನು ಈ ಬಿಡುವಿನಲ್ಲೇ ಕಲಸಿ, ಬೇಕೆನಿಸಿದ್ದಕ್ಕಿಂತ ಎರಡರಷ್ಟು. ಅದೇ ಕಾಗದದ ತುಂಡೊಂದರ ಮೇಲೆ ಹಚ್ಚಿ ಒಣಗಿಸಿ ನೋಡಿ.

ಕೈ ಅಷ್ಟಕ್ಕೂ ಸುಮ್ಮನಿರದಿದ್ದರೆ ಎರಡು ಮೂರು ಬೋರ್ಡ್ ಇಟ್ಟುಕೊಳ್ಳಿ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ (1775–1851) ಒಂದೇ ಸಲಕ್ಕೆ ಹಲವು ಹಾಳೆಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ಒಣಗುತ್ತಿದ್ದರೆ ಕೈ ಇನ್ನೊಂದರ ಮೇಲೆ.

ಅರೆಹಸಿ:
ಒಂದು ತಿದ್ದುಪಡಿ. ಎಲ್ಲ ಕಡೆ ನಿಧಾನ ಸಲ್ಲದು. ಹಸಿ ಕಾಗದದ ಮೇಲಿನ ಕೆಲಸ ಬೇಗ ಮುಗಿಯಬೇಕು, ಅಲ್ಲಿ ಯೋಚಿಸುತ್ತಾ ನಿಂತರೆ ಹದ ಜಾರಿಹೋಗುತ್ತದೆ. ಆದ್ದರಿಂದ ಮುಖ್ಯವಾದ ಬಿಡುವು ಕಾಗದ ಒದ್ದೆ ಮಾಡುವ ಮೊದಲೇ ಬೇಕು. ಎಲ್ಲಿ ಬಿಳಿ ಉಳಿಯಬೇಕು, ಯಾವ ಅಂಚು ಮೃದು, ಯಾವುದು ಚೂಪು, ಅಂಗೈಯಗಲದ ಪೆನ್ಸಿಲ್ ಚಿತ್ರದಲ್ಲಿ ತೀರ್ಮಾನ ಮಾಡಿಕೊಳ್ಳಿ. ಎರಡನೇ ಪದರ ಹಚ್ಚುವಾಗ ಮೃದು ಕುಂಚ, ಒಂದೇ ಎಳೆತ. ಬಣ್ಣವನ್ನು ಹಿಡಿದಿರುವ ಗಮ್ ಅರೇಬಿಕ್ ಎಂಬ ಅಂಟು ನೀರು ತಾಗಿದರೆ ಮತ್ತೆ ಕರಗುತ್ತದೆ. ಉಜ್ಜಿದರೆ ಕೆಳಗಿನ ಆಕಾಶ ಎದ್ದು ಗುಡ್ಡದೊಳಗೆ ಸೇರುತ್ತದೆ. ನಿಮ್ಮ ರಾಡಿ ಅಲ್ಲಿಂದಲೇ ಬರುತ್ತಿರುವುದು.

ಹತ್ತಿರದ ಮರ, ಪೊದೆಗಳನ್ನು ಅದೇ ರಾತ್ರಿ ಮುಗಿಸಬೇಡಿ. ಬೆಳಿಗ್ಗೆ ಹಗಲು ಬೆಳಕಿನಲ್ಲಿ ನೋಡಿದರೆ ಅವುಗಳಲ್ಲಿ ಅರ್ಧ ಬೇಕಾಗಿಯೇ ಇಲ್ಲ ಎನ್ನಿಸುವುದುಂಟು.