ಕಬಡ್ಡಿಯಲ್ಲಿ ಉಳುಕಿದ ಪಾದ: ನೋವು ಹೋಗಿದೆ, ಮತ್ತೆ ಅಂಕಣಕ್ಕೆ ಇಳಿಯುವುದು ಯಾವಾಗ?

ಪ್ರಶ್ನೆ (ಕಬಡ್ಡಿ ಆಟಗಾರ, ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಹಾನಗಲ್ ತಾಲೂಕಿನವನು, ನಮ್ಮೂರ ತಂಡದಲ್ಲಿ ರೇಡರ್ ಆಗಿ ಆಡುತ್ತೇನೆ. ಸುಮಾರು ಒಂದು ತಿಂಗಳ ಹಿಂದೆ ಜಾತ್ರೆಯ ಪಂದ್ಯದಲ್ಲಿ ಬೋನಸ್ ಗೆರೆ ದಾಟಿ ಹಿಂದಿರುಗುವಾಗ ಮೂಲೆಯ ಆಟಗಾರ ನನ್ನ ಕಾಲು ಹಿಡಿದರು. ಬಿಡಿಸಿಕೊಳ್ಳಲು ಹೊರಳಿದಾಗ ಬಲಪಾದ ಒಳಮುಖವಾಗಿ ಮಡಚಿ, ಹೊರಗಿನ ಗಿಣ್ಣಿನ ಕೆಳಗೆ ಬಾವು ಬಂದಿತು. ಮರುದಿನ ಪಾದದ ಅಂಚೆಲ್ಲ ನೀಲಿಗಟ್ಟಿತ್ತು. ಎಕ್ಸ್-ರೇ ತೆಗೆಸಿದಾಗ ಎಲುಬು ಮುರಿದಿಲ್ಲವೆಂದು ತಿಳಿಯಿತು. ಮನೆಯಲ್ಲಿ ಹುಣಸೆಹಣ್ಣು, ಉಪ್ಪು ಕಾಯಿಸಿ ಹಚ್ಚಿದರು. ಉಳುಕು ತೆಗೆಯುವವರೊಬ್ಬರು ಎರಡನೆಯ ದಿನವೇ ಎಣ್ಣೆ ಹಾಕಿ ಜೋರಾಗಿ ತಿಕ್ಕಿದರು, ಅಂದು ರಾತ್ರಿ ಬಾವು ಹೆಚ್ಚಾಯಿತು.

ಈಗ ನಡೆಯುವಾಗ ನೋವಿಲ್ಲ. ಆದರೆ ಹೊಲದ ಬದುವಿನ ಮೇಲೆ ಹೋಗುವಾಗ ಪಾದ ತಾನಾಗಿಯೇ ಹೊರಳಿಬಿಡುವಂತೆ ಅನಿಸುತ್ತದೆ. ಓಡಿದರೆ ಬೇಗ ದಮ್ಮು ಹತ್ತುತ್ತದೆ. ನೋವೇ ಇಲ್ಲದ ಮೇಲೆ ಆಡಲು ಶುರುಮಾಡಬಹುದೇ? ಮೊದಲಿನ ಕಸುವು ಮರಳಿ ಬರಲು ಯಾವ ವ್ಯಾಯಾಮ ಮಾಡಬೇಕು?

ಉತ್ತರ (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ)

ನೀವು ಬರೆದಿರುವುದರಲ್ಲಿ ಬಹಳ ಮುಖ್ಯವಾದದ್ದು ಬದುವಿನ ಮೇಲೆ ಪಾದ ಹೊರಳಿದಂತಾಗುತ್ತದೆ ಎಂಬ ಮಾತು. ಅದು ಹಾಗಿರುವವರೆಗೆ ದಯವಿಟ್ಟು ರೇಡ್‌ಗೆ ಇಳಿಯಬೇಡಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ಆಟಗಾರರಲ್ಲಿ ಹೆಚ್ಚಿನವರು ನೋವು ನಿಂತ ದಿನವನ್ನೇ ಗುಣವಾದ ದಿನವೆಂದು ತಿಳಿದು ಅದೇ ಪಾದವನ್ನು ಮತ್ತೆ ಮತ್ತೆ ಉಳುಕಿಸಿಕೊಳ್ಳುತ್ತಾರೆ.

ಪಾದ ಒಳಮುಖವಾಗಿ ಮಡಚಿದಾಗ ಮೊದಲು ಎಳೆತಕ್ಕೆ ಸಿಗುವುದು ಹೊರಗಿನ ಗಿಣ್ಣಿನ ಮುಂಭಾಗದಲ್ಲಿ ಎರಡು ಎಲುಬುಗಳನ್ನು ಹಿಡಿದಿಟ್ಟಿರುವ ಲಿಗಮೆಂಟ್. ಅದರ ಎಳೆಗಳು ಬರೀ ಹಿಗ್ಗಿದ್ದರೆ ಮೊದಲ ದರ್ಜೆ, ಭಾಗಶಃ ಹರಿದಿದ್ದರೆ ಎರಡನೆಯದು, ಪೂರ್ತಿ ಹರಿದಿದ್ದರೆ ಮೂರನೆಯದು. ಬಾವು ಮತ್ತು ನೀಲಿಗಟ್ಟಿದ್ದನ್ನು ನೋಡಿದರೆ ನಿಮ್ಮದು ಎರಡನೆಯ ದರ್ಜೆಯದಿರಬಹುದು, ಆದರೆ ಕೈಯಿಂದ ಮುಟ್ಟಿ ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು. ಹೊಸ ಎಳೆಗಳು ಮೊದಲ ವಾರಗಳಲ್ಲಿ ಅಡ್ಡಾದಿಡ್ಡಿಯಾಗಿ ಕೂಡುತ್ತವೆ. ಅವು ಭಾರ ಹೊರುವ ದಿಕ್ಕಿಗೆ ಹೊಂದಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು, ಮತ್ತು ಹಾಗೆ ಹೊಂದಿಕೊಳ್ಳಲು ಹದವಾದ ಭಾರವೂ ಬೇಕು. ಆದ್ದರಿಂದ ತೀರಾ ಮಲಗಿಬಿಡುವುದೂ ತಪ್ಪು, ಎರಡನೆಯ ದಿನವೇ ತಿಕ್ಕಿಸುವುದೂ ತಪ್ಪು. ಆಗಷ್ಟೇ ಹರಿದ ಜಾಗವನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚಿ ಬಾವು ಏರಬಹುದು.

ಇನ್ನೊಂದು ವಿಷಯವಿದೆ. ಪಾದ ಈಗ ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಲಿಗಮೆಂಟ್‌ನಲ್ಲಿಯೂ ಇವೆ. ಪೆಟ್ಟಾದ ಮೇಲೆ ಆ ಸುದ್ದಿ ಮಂದವಾಗುತ್ತದೆ, ಮೊಣಕಾಲಿನ ಕೆಳಗೆ ಹೊರಬದಿಯಲ್ಲಿರುವ ಸ್ನಾಯುಗಳು ಪಾದವನ್ನು ತಡೆದು ಹಿಡಿಯಲು ತಡಮಾಡುತ್ತವೆ. ನಿಮಗೆ ಬದುವಿನ ಮೇಲೆ ಅನುಭವಕ್ಕೆ ಬರುತ್ತಿರುವುದು ಇದೇ. ಇದು ಮಾತ್ರೆಯಿಂದ ಸರಿಹೋಗುವುದಿಲ್ಲ, ಅಭ್ಯಾಸದಿಂದ ಮಾತ್ರ ಸರಿಹೋಗುತ್ತದೆ.

ಗೋಡೆಯ ಪಕ್ಕದಲ್ಲಿ ಬರಿಗಾಲಿನಲ್ಲಿ ಬಲಗಾಲಿನ ಮೇಲಷ್ಟೇ ಮೂವತ್ತು ಸೆಕೆಂಡು ನಿಂತು ನೋಡಿ. ಪಾದದ ಮೇಲಿನ ನರಗಳಂತೆ ಕಾಣುವ ಸ್ನಾಯುರಜ್ಜುಗಳು ಒಂದಾದ ಮೇಲೊಂದು ಎದ್ದು ಇಳಿಯುವುದು, ಹೆಬ್ಬೆರಳು ನೆಲವನ್ನು ಒತ್ತಿ ಹಿಡಿಯುವುದು ಕಾಣುತ್ತದೆ. ಎಡಗಾಲಿಗಿಂತ ಬಲಗಾಲು ಹೆಚ್ಚು ತೂಗಾಡಿದರೆ ಕೆಲಸ ಬಾಕಿಯಿದೆ ಎಂದರ್ಥ. ಇದನ್ನೇ ದಿನವೂ ಮಾಡಿ, ಸ್ಥಿರವಾದ ಮೇಲೆ ಕಣ್ಣು ಮುಚ್ಚಿ ಮಾಡಿ, ಆಮೇಲೆ ಮಡಚಿದ ಕಂಬಳಿಯ ಮೇಲೆ ನಿಂತು ಗೆಳೆಯರೊಬ್ಬರಿಂದ ಚೆಂಡು ಹಿಡಿಯಿರಿ. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ಹಿಮ್ಮಡಿ ಎತ್ತಿಳಿಸುವುದನ್ನು ಮೊದಲು ಎರಡು ಕಾಲಿನಲ್ಲಿ, ನಂತರ ಒಂದೇ ಕಾಲಿನಲ್ಲಿ ಅಭ್ಯಾಸ ಮಾಡಿ. ರಬ್ಬರ್ ಪಟ್ಟಿಯನ್ನು ಪಾದಕ್ಕೆ ಸುತ್ತಿ ಹೊರಮುಖವಾಗಿ ಎಳೆಯುವುದು ಆ ಹೊರಬದಿಯ ಸ್ನಾಯುಗಳಿಗಾಗಿ. ವ್ಯಾಯಾಮದ ಸಮಯದಲ್ಲಿ ಸಣ್ಣ ನೋವು ಇದ್ದರೆ ತೊಂದರೆಯಿಲ್ಲ. ಮರುದಿನ ಬೆಳಿಗ್ಗೆ ಬಾವು ಅಥವಾ ಬಿಗಿತ ಹೆಚ್ಚಾಗಿದ್ದರೆ ಹಿಂದಿನ ಹಂತಕ್ಕೆ ಬನ್ನಿ.

ಮಂಜುಗಡ್ಡೆಯ ಬಗ್ಗೆ ಅನೇಕರು ಕೇಳುತ್ತಾರೆ. ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಕಾಲು ಎತ್ತರಿಸುವುದು ಎಂಬ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಪೂರ್ಣ ವಿಶ್ರಾಂತಿ ಮತ್ತು ಮಂಜು ಗುಣವಾಗುವುದನ್ನು ನಿಧಾನಗೊಳಿಸಬಹುದು ಎಂದು ಅಭಿಪ್ರಾಯ ಬದಲಿಸಿದರು. ಮೊದಲ ಒಂದೆರಡು ದಿನ ನೋವು ತಗ್ಗಿಸಲು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ನಿಮಗೆ ಈಗ ಅದರ ಅಗತ್ಯವಿಲ್ಲ.

ಉತ್ತರ (ಗರಡಿಮನೆಯಲ್ಲಿ ಕುಸ್ತಿ ಕಲಿಸುವವರು, ಗದಗ)

ಹುಬ್ಬಳ್ಳಿಯವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ದಮ್ಮಿನ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ಪಾದಕ್ಕೆ ಪೆಟ್ಟಾದರೆ ಇಡೀ ದೇಹಕ್ಕೆ ರಜೆ ಕೊಡಬೇಕಿಲ್ಲ. ಎರಡು ಮೂರು ವಾರ ಸುಮ್ಮನೆ ಕುಳಿತರೆ ಉಸಿರಿನ ಶಕ್ತಿ ಇಳಿಯತೊಡಗುತ್ತದೆ, ಅದನ್ನು ಮರಳಿ ಗಳಿಸಲು ಹೆಚ್ಚು ಕಾಲ ಬೇಕು. ನಮ್ಮ ಜಿಲ್ಲೆ ಸೈಕಲ್ ಓಟಕ್ಕೆ ಹೆಸರಾದದ್ದು ನಿಮಗೆ ತಿಳಿದೇ ಇದೆ. ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ತುಳಿಯುವುದು ಉಳುಕಿದ ಪಾದಕ್ಕೆ ಅಡ್ಡ ತಿರುವು ಕೊಡದೆ ದಮ್ಮು ಕಟ್ಟುವ ಒಳ್ಳೆಯ ದಾರಿ.

ಬೈಠಕ್ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಪೂರ್ತಿ ಕುಳಿತಾಗ ಪಾದದ ಕೀಲು ಮುಂದಕ್ಕೆ ಬಹಳ ಮಡಚಬೇಕಾಗುತ್ತದೆ. ಅದಕ್ಕೆ ಸಿದ್ಧವಿದೆಯೇ ಎಂದು ನೋಡಲು ಗೋಡೆಯ ಎದುರು ಪಾದವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ, ಬೆರಳಿನಿಂದ ಗೋಡೆಗೆ ಎಷ್ಟು ಅಂತರ ಸಾಧ್ಯವಾಗುತ್ತದೆಂದು ಎರಡೂ ಕಾಲಿನಲ್ಲಿ ಅಳೆಯಿರಿ. ಬಲಗಾಲಿನಲ್ಲಿ ಅಂತರ ಕಡಿಮೆಯಿದ್ದರೆ ಅರ್ಧ ಬೈಠಕ್ ಮಾತ್ರ ಮಾಡಿ. ನಮ್ಮ ಅಖಾಡದಲ್ಲಿ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಹಾಕಿ ಹದ ಮಾಡಿರುತ್ತೇವೆ. ಬಿದ್ದರೆ ಪೆಟ್ಟು ಕಡಿಮೆ, ಆದರೆ ಮೆತ್ತಗಿನ ಮಣ್ಣಿನಲ್ಲಿ ಪಾದ ಕುಸಿದು ತಿರುಗುವ ಅಪಾಯವೂ ಇದೆ. ಆದ್ದರಿಂದ ಉಳುಕಿನಿಂದ ಚೇತರಿಸಿಕೊಳ್ಳುವ ಹುಡುಗರನ್ನು ಮೊದಲು ಗಟ್ಟಿ ನೆಲದ ಮೇಲೆಯೇ ದುಡಿಸುತ್ತೇವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದೇ ಕಾಲಿನಲ್ಲಿ ನಿಂತು ನೋಡಿದೆ, ಬಲಗಾಲು ನಿಲ್ಲುತ್ತಲೇ ಇಲ್ಲ. ಮುಂದಿನ ತಿಂಗಳು ತಾಲೂಕು ಮಟ್ಟದ ಪಂದ್ಯಾವಳಿ ಇದೆ. ಪಟ್ಟಿ ಬಿಗಿದು, ನೋವಿನ ಮಾತ್ರೆ ತೆಗೆದುಕೊಂಡು ಆಡಬಹುದೇ ಎಂದು ತಂಡದವರು ಕೇಳುತ್ತಿದ್ದಾರೆ.

ಉತ್ತರ (ದೈಹಿಕ ಶಿಕ್ಷಣ ಶಿಕ್ಷಕಿ, ಧಾರವಾಡ)

ತಮ್ಮಾ, ಮಾತ್ರೆ ತೆಗೆದುಕೊಂಡು ಆಡುವುದು ಬೇಡ. ನೋವು ಪಾದ ಕೊಡುವ ಎಚ್ಚರಿಕೆ, ಅದನ್ನು ಅಡಗಿಸಿ ಆಡಿದರೆ ಲಿಗಮೆಂಟ್ ಇನ್ನಷ್ಟು ಹರಿದರೂ ನಿಮಗೆ ತಿಳಿಯುವುದು ಪಂದ್ಯ ಮುಗಿದ ಮೇಲೆಯೇ. ಪಟ್ಟಿಯ ಮಾತು ಬೇರೆ: ಸರಿಯಾಗಿ ಕಟ್ಟಿದ ಟೇಪ್ ಅಥವಾ ಆ್ಯಂಕಲ್ ಬ್ರೇಸ್ ಮರು ಉಳುಕನ್ನು ಕಡಿಮೆ ಮಾಡುತ್ತದೆ, ಹಾಗಾಗಿ ಆಟಕ್ಕೆ ಮರಳಿದ ಮೇಲೂ ಕೆಲವು ತಿಂಗಳು ಅದನ್ನು ಧರಿಸಿ. ಅದು ವ್ಯಾಯಾಮದ ಬದಲಿಯಲ್ಲ.

ನಾನು ನನ್ನ ವಿದ್ಯಾರ್ಥಿಗಳನ್ನು ಮೊದಲು ನೇರ ಓಟಕ್ಕೆ, ನಂತರ ಎಂಟರ ಆಕಾರದ ಓಟಕ್ಕೆ, ಆಮೇಲೆ ಹಠಾತ್ತನೆ ನಿಂತು ತಿರುಗುವುದಕ್ಕೆ ಬಿಡುತ್ತೇನೆ. ಕೊನೆಗೆ ಒಂಟಿಕಾಲಿನ ಜಿಗಿತದ ದೂರವನ್ನು ಟೇಪಿನಿಂದ ಅಳೆಯುತ್ತೇನೆ. ಪೆಟ್ಟಾದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ಜಿಗಿಯದಿದ್ದರೆ ಎದುರಾಳಿಯ ಹಿಡಿತಕ್ಕೆ ಕಾಲೊಡ್ಡಲು ಬಿಡುವುದಿಲ್ಲ.

ಉತ್ತರ (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ)

ಶಿಕ್ಷಕಿಯವರು ಹೇಳಿದ ಅಳತೆಯನ್ನೇ ತಂಡದವರ ಮುಂದೆ ಇಡಿ. ಈ ಪಂದ್ಯಾವಳಿಗೆ ಅದು ತಲುಪದಿದ್ದರೆ ಮುಂದಿನದಕ್ಕೆ ಆಡಿ. ಎರಡು ಮೂರು ವಾರ ಶ್ರದ್ಧೆಯಿಂದ ಅಭ್ಯಾಸ ಮಾಡಿದರೂ ಒಂಟಿಕಾಲಿನಲ್ಲಿ ನಿಲ್ಲಲಾಗದಿದ್ದರೆ, ಕೀಲಿನೊಳಗೆ ಏನೋ ಸಿಕ್ಕಿಕೊಂಡಂತಾದರೆ, ಅಥವಾ ಗಿಣ್ಣಿನ ಎಲುಬಿನ ಅಂಚನ್ನು ಒತ್ತಿದಾಗ ಈಗಲೂ ನೋಯುತ್ತಿದ್ದರೆ ಎಲುಬು-ಕೀಲು ವೈದ್ಯರಿಗೆ ಮತ್ತೊಮ್ಮೆ ತೋರಿಸಿ. ಕೆಲವು ಸಣ್ಣ ಬಿರುಕುಗಳು ಮೊದಲ ಎಕ್ಸ್-ರೇಯಲ್ಲಿ ಕಾಣದೆ ಉಳಿಯುವುದುಂಟು, ಲಿಗಮೆಂಟ್‌ನ ಸ್ಥಿತಿಯಂತೂ ಎಕ್ಸ್-ರೇಯಲ್ಲಿ ಕಾಣುವುದೇ ಇಲ್ಲ. ಹೋಗುವಾಗ ಹಳೆಯ ಫಿಲ್ಮ್ ಜೊತೆಗೆ ಒಯ್ಯಿರಿ.