ಅಪ್‌ಡೇಟ್: ಬ್ಲೂಸ್ ಹಾರ್ಮೋನಿಕಾಗೆ ಅಗ್ಗದ ಡಿಲೇ ಪೆಡಲ್, ಕೂಗಾಟ ನಿಂತಿತು

ಬುಲೆಟ್ ಮೈಕ್ (ಹಾರ್ಮೋನಿಕಾ ಜೊತೆ ಅಂಗೈಯಲ್ಲಿ ಹಿಡಿಯುವ ದುಂಡು ಮೈಕ್) ಮತ್ತು ಟ್ಯೂಬ್ ಆಂಪ್ (ವಾಲ್ವ್ ಇರುವ ಆಂಪ್ಲಿಫೈಯರ್) ನಡುವೆ ಡಿಲೇ ಪೆಡಲ್ (ಸ್ವರವನ್ನು ಕ್ಷಣ ತಡೆದು ಪ್ರತಿಧ್ವನಿಯಾಗಿ ಮರಳಿಸುವ ಸಾಧನ) ಹಾಕಿದರೆ ಆಂಪ್ ಕೂಗುತ್ತದೆ, ಸ್ವರವೂ ತೆಳುವಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಎರಡೂ ಬಗೆಹರಿದವು, ಆದರೆ ಕಾರಣ ಬೇರೆ ಬೇರೆ.

ಕೂಗಿಗೆ ಕಾರಣ ಪೆಡಲಿನ ಮಿಕ್ಸ್ ನಾಬ್ (ಪ್ರತಿಧ್ವನಿ ಎಷ್ಟು ಬೆರೆಯಬೇಕೆಂದು ಹೊಂದಿಸುವುದು), ಅರ್ಧಕ್ಕಿಂತ ಮೇಲಿತ್ತು. ಪ್ರತಿಧ್ವನಿಯೂ ಸ್ಪೀಕರಿನಿಂದ ಹೊರಬಂದು ಮತ್ತೆ ಮೈಕಿಗೇ ಹೋಗುತ್ತದೆ, ಅಂದರೆ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸಿದ ಹಾಗೆಯೇ. ಈಗ ಟೈಮ್ (ಪ್ರತಿಧ್ವನಿ ಎಷ್ಟು ತಡವಾಗಿ ಬರಬೇಕೆಂಬುದು) 120ರಿಂದ 150 ಮಿಲಿಸೆಕೆಂಡ್, ರಿಪೀಟ್ ಒಂದು, ಹೆಚ್ಚೆಂದರೆ ಎರಡು, ಮಿಕ್ಸ್ ಕಾಲು ಭಾಗ. ಪೆಡಲ್ ಆಫ್ ಮಾಡಿದಾಗಲೇ ಅದು ಇತ್ತೆಂದು ಗೊತ್ತಾಗಬೇಕು, ಅಷ್ಟು ಸಾಕು. ಟೈಮ್ ನಾಬ್ ಮೇಲೆ ಅಂಕಿ ಇಲ್ಲದಿದ್ದರೆ ನಾಲಿಗೆ ತಾಗಿಸಿ ‘ಟ’ ಎಂದು ಒಂದು ಚುಟುಕು ಸ್ವರ ಊದಿ. ‘ಟ-ಟ’ ಎಂದು ಬೆನ್ನುಬೆನ್ನಿಗೆ ಕೇಳುವವರೆಗೆ ತಿರುಗಿಸಿ. ಇನ್ನೂ ಕೂಗಿದರೆ ಆಂಪಿನ ಟ್ರೆಬಲ್ ಇಳಿಸಿ, ವಾಲ್ಯೂಮ್ ಆಮೇಲೆ.

ತೆಳು ಸ್ವರಕ್ಕೆ ಇಂಪೀಡನ್ಸ್ (ಸಿಗ್ನಲ್‌ಗೆ ಎದುರಾಗುವ ವಿದ್ಯುತ್ ತಡೆ, ಓಮ್‌ನಲ್ಲಿ ಅಳೆಯುವುದು) ಕಾರಣ. ನನ್ನ ಮೈಕಿನಲ್ಲಿ ಸದ್ದನ್ನು ವಿದ್ಯುತ್ತಾಗಿಸುವ ಭಾಗ, ಅಂದರೆ ಎಲಿಮೆಂಟ್, ಕ್ರಿಸ್ಟಲ್‌ನದು. ಅದಕ್ಕೆ ಕೆಲವು ಮೆಗಾಓಮ್ ಇನ್‌ಪುಟ್ ಬೇಕು. ಗಿಟಾರಿಗೆಂದು ಮಾಡಿದ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ 1 ಮೆಗಾಓಮ್ ಅಥವಾ ಅದಕ್ಕೂ ಕಡಿಮೆ, ಹಾಗಾಗಿ ಬೇಸ್ ಸೋರಿಹೋಗುತ್ತದೆ. ಪೆಡಲ್‌ಗಿಂತ ಮೊದಲು 5 ಮೆಗಾಓಮ್ ಇನ್‌ಪುಟ್‌ನ ಬಫರ್ (ಮೈಕಿನ ಮೇಲೆ ಹೊರೆ ಬೀಳದಂತೆ ಸಿಗ್ನಲ್ ದಾಟಿಸುವ ಚಿಕ್ಕ ಸರ್ಕ್ಯೂಟ್) ಇಟ್ಟ ಮೇಲೆ ಸ್ವರ ಮತ್ತೆ ದಪ್ಪಗಾಯಿತು. ಮ್ಯಾಗ್ನೆಟಿಕ್ ಎಲಿಮೆಂಟ್ ಇದ್ದವರಿಗೆ ಈ ಗೊಡವೆಯಿಲ್ಲ. ಹಾಡುಗಾರರು ಬಳಸುವ ಲೋ ಇಂಪೀಡನ್ಸ್ ಮೈಕ್ ಆದರೆ ಬಫರ್ ಅಲ್ಲ, ಇಂಪೀಡನ್ಸ್ ಹೊಂದಿಸುವ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು.

ಡಿಜಿಟಲ್ ಬೇಕೋ ಅನಲಾಗ್ ಬೇಕೋ ಎಂದು ಒಬ್ಬರು ಕೇಳಿದ್ದರು. ಹಾರ್ಮೋನಿಕಾಗೆ ಅನಲಾಗ್ ಕೊಡುವ ಮಂಕು ಪ್ರತಿಧ್ವನಿಯೇ ಚೆಂದ. ಇಷ್ಟು ಚಿಕ್ಕ ಟೈಮಿಗೆ ಅಗ್ಗದ ಅನಲಾಗ್ ಧಾರಾಳ ಸಾಕು.